ನೆನಪಿದೆಯೇ ಎಂದು ಕೇಳದ ಚಿತ್ರಶಾಲೆ

1901ರ ನವೆಂಬರ್ ಕೊನೆಯ ವಾರ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ರೋಗಿಗಳ ಆಸ್ಪತ್ರೆಗೆ 51 ವರ್ಷದ ಹೆಂಗಸೊಬ್ಬಳನ್ನು ಆಕೆಯ ಗಂಡ ಕರೆತಂದು ಬಿಟ್ಟಿದ್ದ. ಆತ ರೈಲ್ವೆ ಕಚೇರಿಯ ಗುಮಾಸ್ತ. ಮರುದಿನ ವೈದ್ಯರೊಬ್ಬರು ಆಕೆಯ ಹಾಸಿಗೆಯ ಪಕ್ಕ ಕುಳಿತು ಒಂದೊಂದೇ ಪ್ರಶ್ನೆ ಕೇಳಿ, ಪ್ರಶ್ನೆಯನ್ನೂ ಉತ್ತರವನ್ನೂ ಬರೆದುಕೊಳ್ಳತೊಡಗಿದರು. ನಿಮ್ಮ ಹೆಸರು? ಆಗಸ್ಟೆ ಎಂದಳು. ಮನೆತನದ ಹೆಸರು? ಅದಕ್ಕೂ ಆಗಸ್ಟೆ. ಗಂಡನ ಹೆಸರು? ಅದೂ ಬಹುಶಃ ಆಗಸ್ಟೆಯೇ ಇರಬೇಕು ಎಂದಳು.

ಮುಂದಿನ ದಿನಗಳಲ್ಲಿ ವೈದ್ಯರು ಬೀಗದ ಕೈ, ಪೆನ್ಸಿಲ್ಲು, ಪುಸ್ತಕ ಇಂಥವನ್ನು ಒಂದೊಂದಾಗಿ ತೋರಿಸಿ ಇದೇನು ಎಂದು ಕೇಳಿದರು. ಆಕೆ ಸರಿಯಾಗಿಯೇ ಹೇಳಿದಳು. ಅವನ್ನೆಲ್ಲ ಎತ್ತಿಟ್ಟು, ಈಗ ತಾನೇ ತೋರಿಸಿದ್ದು ಏನೇನು ಎಂದು ಕೇಳಿದಾಗ ಮಾತ್ರ ಗೊತ್ತಿಲ್ಲ ಎಂದಳು. ಆ ವೈದ್ಯರ ಹೆಸರು ಅಲೋಯಿಸ್ ಆಲ್ಜೈಮರ್. ಆಗಸ್ಟೆ ಡೇಟರ್ 1906ರ ಏಪ್ರಿಲ್‌ನಲ್ಲಿ ತೀರಿಕೊಂಡಳು. ಅದೇ ವರ್ಷ ನವೆಂಬರ್‌ನಲ್ಲಿ ಆಲ್ಜೈಮರ್ ಆಕೆಯ ಮೆದುಳಿನಲ್ಲಿ ಕಂಡದ್ದನ್ನು ವೈದ್ಯರ ಸಭೆಯೊಂದರಲ್ಲಿ ವಿವರಿಸಿದರು. 1910ರಲ್ಲಿ ಆ ಕಾಯಿಲೆಗೆ ಅವರ ಹೆಸರು ಬಂತು. ಅವರ ಕೈಬರಹದ ಟಿಪ್ಪಣಿಗಳಿದ್ದ ನೀಲಿ ರಟ್ಟಿನ ಕಡತ ಮಾತ್ರ ಕಳೆದೇ ಹೋಗಿತ್ತು. ಅದು ಫ್ರಾಂಕ್‌ಫರ್ಟಿನ ದಾಖಲೆ ಕೋಣೆಯೊಂದರಲ್ಲಿ ಸಿಕ್ಕಿದ್ದು 1995ರಲ್ಲಿ.

ಆ ಪರೀಕ್ಷೆಯಲ್ಲಿ ಆಕೆ ಸೋತದ್ದೆಲ್ಲಿ? ವಸ್ತು ಕಣ್ಣೆದುರಿಗೆ ಇದ್ದಷ್ಟು ಹೊತ್ತೂ ಆಕೆಗೆ ಮಾತಿತ್ತು. ವಸ್ತುವನ್ನು ಮರೆಮಾಡಿ ನೆನಪನ್ನು ಕೇಳಿದಾಗ ಮಾತು ನಿಂತಿತು.

ಇದಾಗಿ ನೂರು ವರ್ಷಗಳ ಮೇಲೆ, ಅದೇ ಫ್ರಾಂಕ್‌ಫರ್ಟಿನಲ್ಲಿ ಮೈನ್ ನದಿಯ ದಂಡೆಯ ಸ್ಟೇಡೆಲ್ ಕಲಾಸಂಗ್ರಹಾಲಯದಲ್ಲಿ, ಅದೇ ಬಗೆಯ ಕಾಯಿಲೆಯ ಜನರನ್ನು ಚಿತ್ರಗಳ ಮುಂದೆ ಕೂರಿಸಿ ಬೇರೊಂದು ಪ್ರಶ್ನೆ ಕೇಳಲಾಯಿತು: ಇಲ್ಲಿ ನಿಮಗೆ ಏನು ಕಾಣುತ್ತಿದೆ? ಚಿತ್ರವನ್ನು ಯಾರೂ ಮರೆಮಾಡಲಿಲ್ಲ. ಒಂದು ಗಂಟೆ ಚಿತ್ರ ನೋಡಿ ಮಾತಾಡುವುದು, ಇನ್ನೊಂದು ಗಂಟೆ ಪಕ್ಕದ ಕಾರ್ಯಾಗಾರದಲ್ಲಿ ಬಣ್ಣ, ಕಾಗದ ಹಿಡಿದು ತಾವೇ ಏನಾದರೂ ಮಾಡುವುದು, ಹೀಗೆ ಆರು ಸಲ. ಜೊತೆಯಲ್ಲಿ ಗಂಡನೋ ಹೆಂಡತಿಯೋ ಮಗಳೋ, ಯಾರು ನೋಡಿಕೊಳ್ಳುತ್ತಾರೋ ಅವರು. ಗಯಟೆ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಈ ಪ್ರಯೋಗಕ್ಕೆ ‘ಆರ್ಟೆಮಿಸ್’ ಎಂದು ಹೆಸರು. ಆಗಸ್ಟೆಯನ್ನು ಇರಿಸಿದ್ದ ಆಸ್ಪತ್ರೆ ಈಗಿಲ್ಲ. ಅದು ಇದ್ದ ಜಾಗದಲ್ಲಿ ಇಂದು ಇದೇ ವಿಶ್ವವಿದ್ಯಾಲಯದ ಒಂದು ಆವರಣವಿದೆ.

ಅರಳು ಮರಳು

ಡಿಮೆನ್ಶಿಯಾ ಎಂಬುದು ಒಂದೇ ಕಾಯಿಲೆಯಲ್ಲ. ನೆನಪು, ಯೋಚನೆ, ಮಾತು, ದಿಕ್ಕಿನ ಪ್ರಜ್ಞೆ ಇವು ಕ್ರಮೇಣ ಕುಂದುತ್ತಾ ಹೋಗಿ, ಮನುಷ್ಯ ದಿನದ ಕೆಲಸಗಳಿಗೂ ಇನ್ನೊಬ್ಬರನ್ನು ಅವಲಂಬಿಸಬೇಕಾಗುವ ಸ್ಥಿತಿಗೆ ಇಟ್ಟ ಹೆಸರು ಅದು. ಆಲ್ಜೈಮರ್ ಕಾಯಿಲೆ ಅದರ ಮುಖ್ಯ ಕಾರಣ. ನೂರರಲ್ಲಿ 60ರಿಂದ 70 ಮಂದಿಗೆ ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ 5.7 ಕೋಟಿ ಜನರಿಗೆ ಡಿಮೆನ್ಶಿಯಾ ಇತ್ತು. ಪ್ರತಿವರ್ಷ ಸುಮಾರು ಒಂದು ಕೋಟಿ ಜನ ಹೊಸದಾಗಿ ಸೇರುತ್ತಾರೆ. ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ 88 ಲಕ್ಷ ಮಂದಿ ಇದಕ್ಕೆ ಒಳಗಾಗಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜು ಮಾಡಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಇದು ಹೆಚ್ಚು.

ಕನ್ನಡದಲ್ಲಿ ಈ ಸ್ಥಿತಿಗೆ ಬಹಳ ಹಿಂದಿನಿಂದ ಇದ್ದ ಮಾತು ‘ಅರಳು ಮರಳು’. ಅರವತ್ತಕ್ಕೆ ಅರಳು ಮರಳು ಎಂದು ನಕ್ಕು ಸುಮ್ಮನಾಗುವುದು ವಾಡಿಕೆ. ಬೇಂದ್ರೆಯವರು ತಮ್ಮ ಕವನ ಸಂಗ್ರಹಕ್ಕೆ ಇದೇ ಹೆಸರಿಟ್ಟರು. ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೂ ಅರಳುವುದು, ಅದು ಮರಳಿ ಬರುವುದು ಎಂಬ ಇನ್ನೊಂದು ಅರ್ಥವೂ ಅದೇ ಮಾತಿನೊಳಗೆ ಇದೆಯಲ್ಲ! ಮನೆಯೊಳಗೆ ಈ ಕಾಯಿಲೆ ಬಂದವರಿಗೆ ಮಾತ್ರ ಅದು ನಗೆಯ ಮಾತಾಗಿ ಉಳಿಯುವುದಿಲ್ಲ. 2016ರಲ್ಲಿ ಬಂದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಅವರು ಮಾಡಿದ ಕಳೆದುಹೋದ ತಂದೆಯ ಪಾತ್ರವನ್ನು ನೋಡಿದವರಿಗೆ ಇದು ಗೊತ್ತು. ಆ ಶೀರ್ಷಿಕೆಯೇ ಕಾಣೆಯಾದವರ ಪ್ರಕಟಣೆಯಿಂದ ಎತ್ತಿದ್ದು.

ಈ ಕಾಯಿಲೆಯವರ ದಿನ ಪ್ರಶ್ನೆಗಳಿಂದಲೇ ತುಂಬಿರುತ್ತದೆ. ಬೆಳಿಗ್ಗೆ ಏನು ತಿಂದಿರಿ, ನಾನು ಯಾರು ಹೇಳಿ ನೋಡೋಣ, ಇವತ್ತು ಯಾವ ವಾರ. ಕೇಳುವವರದು ಪ್ರೀತಿಯೇ, ಆದರೆ ಕೇಳಿಸಿಕೊಳ್ಳುವವರಿಗೆ ಪ್ರತಿಯೊಂದೂ ಪರೀಕ್ಷೆ, ಅದೂ ತಾನು ನಪಾಸಾಗುವುದು ಖಚಿತವಿರುವ ಪರೀಕ್ಷೆ. ಕ್ರಮೇಣ ಅವರು ಬಾಯಿ ತೆರೆಯುವುದನ್ನೇ ಬಿಡುತ್ತಾರೆ. ನೋಡುವವರು ಅದನ್ನೂ ಕಾಯಿಲೆಯ ಲೆಕ್ಕಕ್ಕೆ ಹಾಕುತ್ತಾರೆ. ಅದರಲ್ಲಿ ಎಷ್ಟು ಭಾಗ ಕಾಯಿಲೆ, ಎಷ್ಟು ಭಾಗ ಅವಮಾನದ ಭಯ ಎಂದು ಬಿಡಿಸಿ ಹೇಳುವುದು ಕಷ್ಟ.

ತಪ್ಪು ಉತ್ತರವೇ ಇಲ್ಲದ ಪ್ರಶ್ನೆ

ಚಿತ್ರಶಾಲೆಯ ಈ ಪದ್ಧತಿಗೆ ಒಂದು ಹದ ಬಂದದ್ದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ. ಜನ ಅದನ್ನು ಮೋಮಾ ಎಂದು ಕರೆಯುತ್ತಾರೆ. ಅಲ್ಲಿ 2006ರಲ್ಲಿ ‘ಮೀಟ್ ಮಿ ಅಟ್ ಮೋಮಾ’ ಎಂಬ ಕಾರ್ಯಕ್ರಮ ಆರಂಭವಾಯಿತು. ಆಗ ಮಂಗಳವಾರ ಮೋಮಾಕ್ಕೆ ರಜೆ. ಆ ದಿನವೇ ಇವರನ್ನು ಬರಹೇಳುತ್ತಿದ್ದರು. ನೂಕುನುಗ್ಗಲಿಲ್ಲ, ಸದ್ದಿಲ್ಲ, ಯಾರೂ ತಿರುಗಿ ನೋಡುವುದಿಲ್ಲ. ಸಣ್ಣ ಸಣ್ಣ ಗುಂಪುಗಳು, ಪ್ರತಿ ಗುಂಪಿಗೂ ತರಬೇತಾದ ಒಬ್ಬ ಕಲಾಶಿಕ್ಷಕರು. ಒಂದೂವರೆ ಗಂಟೆಯಲ್ಲಿ ನೋಡುವುದು ನಾಲ್ಕೈದು ಚಿತ್ರ, ಅಷ್ಟೇ. ಪ್ರತಿ ಚಿತ್ರದ ಮುಂದೂ ಕುರ್ಚಿ. ಇಡೀ ಸಂಗ್ರಹಾಲಯವನ್ನು ಎರಡು ಗಂಟೆಯಲ್ಲಿ ಸುತ್ತಿ ಮುಗಿಸುವ ನಮ್ಮ ಪ್ರವಾಸಿಗಳ ಅವಸರಕ್ಕೆ ಇದು ತೀರಾ ವಿರುದ್ಧ.

ಮೋಮಾದಲ್ಲೇ ಇರುವ ಆಂಡ್ರ್ಯೂ ವೈಯೆತ್‌ನ ‘ಕ್ರಿಸ್ಟಿನಾಸ್ ವರ್ಲ್ಡ್’ ಚಿತ್ರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 1948ರದು. ಒಣಗಿದ ಹುಲ್ಲಿನ ದೊಡ್ಡ ಬಯಲು. ಮಾಸಲು ಗುಲಾಬಿ ಅಂಗಿಯ ಹೆಂಗಸೊಬ್ಬಳು ನೋಡುಗರಿಗೆ ಬೆನ್ನು ಹಾಕಿ, ಎರಡೂ ಕೈ ನೆಲಕ್ಕೂರಿ, ಅರೆ ಮಲಗಿದಂತೆ ಕುಳಿತಿದ್ದಾಳೆ. ದೂರದ ದಿಬ್ಬದ ಮೇಲೆ ಬೂದುಬಣ್ಣದ ಒಂದು ಮನೆ. ಇದನ್ನು ಬರೆದವರು ಯಾರು, ಯಾವ ಶೈಲಿ ಎಂದು ಶಿಕ್ಷಕರು ಕೇಳುವುದಿಲ್ಲ. ನೀವು ಇದನ್ನು ಹಿಂದೆ ನೋಡಿದ್ದೀರಾ ಎಂದೂ ಕೇಳುವುದಿಲ್ಲ. ಮೊದಲು ಒಂದು ನಿಮಿಷ ಎಲ್ಲರೂ ಸುಮ್ಮನೆ ನೋಡಬೇಕು. ಆಮೇಲೆ, ಏನೇನು ಕಾಣುತ್ತದೆ? ಹುಲ್ಲು, ಮನೆ, ಹುಡುಗಿ. ಅವಳು ಮನೆಗೆ ಹೋಗುತ್ತಿದ್ದಾಳೋ, ಮನೆಯಿಂದ ದೂರ ಬಂದಿದ್ದಾಳೋ? ಹೊತ್ತು ಯಾವುದಿರಬಹುದು? ಅವಳ ಮುಖ ಹೇಗಿದ್ದೀತು? ಇಲ್ಲಿ ಎಂಟು ಜನಕ್ಕೆ ಎಂಟು ಉತ್ತರವಿರಬಹುದು, ಎಂಟೂ ನಿಲ್ಲುತ್ತವೆ. ಚಿತ್ರಕಾರನೇ ಮುಖ ತೋರಿಸಿಲ್ಲ ಎಂದ ಮೇಲೆ ತಪ್ಪು ಎನ್ನುವವರು ಯಾರು?

ಹೇಳಿದ ಮಾತನ್ನು ಶಿಕ್ಷಕರು ಇಡೀ ಗುಂಪಿಗೆ ಕೇಳುವಂತೆ ಮತ್ತೊಮ್ಮೆ ಹೇಳುತ್ತಾರೆ. ಇದು ಚಿಕ್ಕ ಉಪಾಯದಂತೆ ಕಂಡರೂ ದೊಡ್ಡದು: ಮೆಲ್ಲಗೆ ಹೇಳಿದ ಮಾತು ಎಲ್ಲರಿಗೂ ಮುಟ್ಟುತ್ತದೆ, ಹೇಳಿದವರಿಗೆ ತಮ್ಮ ಮಾತಿಗೆ ಬೆಲೆಯಿದೆ ಎನಿಸುತ್ತದೆ, ಆಡಿದ್ದು ಅಷ್ಟರಲ್ಲೇ ಮರೆತಿದ್ದರೆ ಅದೂ ಅವರಿಗೆ ಮರಳಿ ಸಿಗುತ್ತದೆ. ಚರಿತ್ರೆಯ ವಿವರ ಬರುವುದು ಮಾತು ಕಾವೇರಿದ ಮೇಲೆ, ಅದೂ ಒಂದೆರಡು ವಾಕ್ಯ. ಕ್ರಿಸ್ಟಿನಾ ಓಲ್ಸನ್ ಎಂಬಾಕೆ ನಿಜವಾಗಿ ಇದ್ದಳು, ಅವಳಿಗೆ ನಡೆಯಲಾಗುತ್ತಿರಲಿಲ್ಲ, ಗಾಲಿಕುರ್ಚಿ ಬೇಡವೆಂದು ಹಟಹಿಡಿದು ಹೊಲದಲ್ಲಿ ತೆವಳಿಕೊಂಡೇ ಓಡಾಡುತ್ತಿದ್ದಳು ಎಂದು ತಿಳಿದಾಗ ಅದೇ ಚಿತ್ರ ಇನ್ನೊಂದಾಗಿ ಕಾಣುತ್ತದೆ. ಈ ವಿಷಯ ಡಿಮೆನ್ಶಿಯಾ ಇರುವವರಿಗೂ ಹೊಸದು, ಪಕ್ಕದಲ್ಲಿ ಕುಳಿತ ಹೆಂಡತಿಗೂ ಹೊಸದು. ಆ ಗಳಿಗೆಯಲ್ಲಿ ಇಬ್ಬರೂ ಸಮಾನರು.

ಸ್ಟೇಡೆಲ್‌ನಲ್ಲಿ ತೂಗುಹಾಕಿರುವ ಅತಿ ಪ್ರಸಿದ್ಧ ಚಿತ್ರ ಟಿಷ್‌ಬೈನ್ 1787ರಲ್ಲಿ ಬರೆದ ಗಯಟೆ ಕವಿಯದು. ಅಗಲ ಅಂಚಿನ ಟೊಪ್ಪಿ, ಬಿಳಿ ನಿಲುವಂಗಿ, ರೋಮಿನ ಹೊರವಲಯದಲ್ಲಿ ಕಲ್ಲಿಗೊರಗಿದ ಗಂಭೀರ ಭಂಗಿ. ಸ್ವಲ್ಪ ಹೊತ್ತು ನೋಡಿದರೆ ಕವಿಗೆ ಎರಡೂ ಎಡಗಾಲೇ ಎಂಬುದು ಗೊತ್ತಾಗುತ್ತದೆ! ಜರ್ಮನ್ನರ ಅತಿ ದೊಡ್ಡ ಕವಿಯ ಅತಿ ದೊಡ್ಡ ಚಿತ್ರದಲ್ಲಿ ಇಂಥದೊಂದು ಪ್ರಮಾದ. ಸದಾ ತಪ್ಪು ಮಾಡುತ್ತೇನೆಂದು ಅಳುಕುವವರಿಗೆ ಇಂಥ ಚಿತ್ರದ ಮುಂದೆ ತಪ್ಪು ಹಿಡಿಯುವ ಸರದಿ ಸಿಗುತ್ತದೆ.

ಚಿತ್ರ ಆರಿಸುವಾಗಲೂ ಎಚ್ಚರ ಬೇಕು. ಈ ಕಾಯಿಲೆಯಲ್ಲಿ ಕಣ್ಣು ಚೆನ್ನಾಗಿದ್ದರೂ ಕಂಡದ್ದನ್ನು ಮೆದುಳು ಹೊಂದಿಸಿಕೊಳ್ಳಲು ತಿಣುಕುತ್ತದೆ. ಬಣ್ಣದ ಸಣ್ಣ ವ್ಯತ್ಯಾಸ, ಆಳ, ದೂರ ಇವು ಬೇಗ ಗೊಂದಲವಾಗುತ್ತವೆ. ಆದ್ದರಿಂದ ದೊಡ್ಡ ಚಿತ್ರ, ಎದ್ದು ಕಾಣುವ ಆಕಾರ, ಗಾಜಿನ ಪ್ರತಿಫಲನವಿಲ್ಲದ ಜಾಗ. ಕಪ್ಪು ಕಾಲೊರಸು ಕೆಲವರಿಗೆ ಹಳ್ಳದಂತೆ ಕಾಣುತ್ತದೆ, ಹೊಳೆಯುವ ನೆಲ ನೀರಿನಂತೆ ಕಾಣುತ್ತದೆ. ಬಾಗಿಲಲ್ಲೇ ಹೆದರಿ ನಿಂತವರನ್ನು ಒಳಗೆ ಕರೆದೊಯ್ದು ಪ್ರಯೋಜನವೇನು?

ಕೈಗಿರುವ ನೆನಪು

ನೋಡುವುದರ ಜೊತೆಗೆ ಮಾಡುವುದೂ ಏಕೆ ಬೇಕು? ಆಲ್ಜೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಕೈಯಿಡುವುದು ಮೆದುಳಿನ ಹಿಪೊಕ್ಯಾಂಪಸ್ ಮತ್ತು ಅದರ ಸುತ್ತಲಿನ ಭಾಗಕ್ಕೆ. ಹೊಸ ಘಟನೆಗಳನ್ನು ದಾಖಲು ಮಾಡಿಕೊಳ್ಳುವ ಜಾಗ ಅದು. ಅಭ್ಯಾಸದಿಂದ ಕೈಗೆ ಬಂದ ಕೌಶಲಗಳನ್ನು ನೋಡಿಕೊಳ್ಳುವ ಭಾಗಗಳು ಬೇರೆ. ಅವು ಸಾಕಷ್ಟು ಕಾಲ ತಾಳಿಕೊಳ್ಳುತ್ತವೆ. ಮಗನ ಹೆಸರು ತಪ್ಪುವ ಅಜ್ಜಿ ಹೊಸ್ತಿಲ ಮುಂದೆ ಕುಳಿತು ಚುಕ್ಕಿ ತಪ್ಪದೆ ರಂಗೋಲಿ ಎಳೆಯುವುದು, ಹೂ ಕಟ್ಟುವುದು ಹೀಗೆ. ಬೆರಳು ತನ್ನ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ.

ಕಾರ್ಯಾಗಾರದಲ್ಲಿ ಮಾಡಿಸುವುದು ಅಂಥ ದೊಡ್ಡದೇನಲ್ಲ. ಬಣ್ಣದ ಕಾಗದ ಹರಿದು ಅಂಟಿಸುವುದು, ಜೇಡಿಮಣ್ಣು, ಜಲವರ್ಣ, ಅಚ್ಚು ಒತ್ತುವುದು. ಅಮೆರಿಕದ ಪಿಟ್ಸ್‌ಬರ್ಗಿನ ಆಂಡಿ ವಾರ್ಹಾಲ್ ಮ್ಯೂಸಿಯಂನಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡಿಸಿದರು. ವಾರ್ಹಾಲ್‌ನ ಕಲೆಯೇ ಅದಲ್ಲವೆ. ಮೇಲೆ ನೋಡಿ ಬಂದ ಚಿತ್ರಕ್ಕೂ ಕೆಳಗೆ ಮಾಡುವ ಕೆಲಸಕ್ಕೂ ಒಂದು ಎಳೆ ಇರಬೇಕು. ಇನ್ನೊಂದು ಕಟ್ಟುನಿಟ್ಟು: ಮಕ್ಕಳ ಬಣ್ಣದ ಪುಸ್ತಕ, ಮೇಣದ ಕಡ್ಡಿ ಕೊಡಕೂಡದು. ಒಳ್ಳೆಯ ಕಾಗದ, ಒಳ್ಳೆಯ ಕುಂಚ, ನಿಜವಾದ ಬಣ್ಣ. ಎಪ್ಪತ್ತೈದು ವರ್ಷ ಬಾಳಿದವರನ್ನು ಶಿಶುವಿಹಾರಕ್ಕೆ ಸೇರಿಸಿದಂತೆ ನಡೆಸಿಕೊಂಡರೆ ಅವರಿಗೆ ಅರ್ಥವಾಗುವುದಿಲ್ಲ ಎಂದು ತಿಳಿಯುವುದು ಮೂರ್ಖತನ.

ಕಲೆ ಕಾಯಿಲೆಯನ್ನು ತಡೆಯುತ್ತದೆ ಎಂಬ ಭ್ರಮೆ ಮಾತ್ರ ಬೇಡ. ಲಂಡನ್ನಿನಲ್ಲಿದ್ದ ಅಮೆರಿಕನ್ ಚಿತ್ರಕಾರ ವಿಲಿಯಂ ಉಟರ್ಮೋಲನ್‌ಗೆ 1995ರಲ್ಲಿ ಆಲ್ಜೈಮರ್ ಕಾಯಿಲೆ ಎಂದು ಗೊತ್ತಾಯಿತು. ಅನಂತರದ ಸುಮಾರು ಐದು ವರ್ಷ ಆತ ತನ್ನ ಮುಖವನ್ನೇ ಮತ್ತೆ ಮತ್ತೆ ಬರೆದ. ಮೊದಲ ಚಿತ್ರಗಳಲ್ಲಿ ಹೆದರಿದ ಕಣ್ಣು, ಸ್ಪಷ್ಟ ಗೆರೆ. ಬರಬರುತ್ತ ಕಿವಿ ಮೂಗು ಜಾಗ ತಪ್ಪುತ್ತವೆ, ಕೊನೆಗೆ ಉಳಿಯುವುದು ಬರಿಯ ತಲೆಯ ಆಕಾರ. ವೈದ್ಯಪತ್ರಿಕೆ ‘ಲ್ಯಾನ್ಸೆಟ್’ 2001ರಲ್ಲಿ ಅವನ್ನು ಚರ್ಚಿಸಿತು. ಆತ 2007ರಲ್ಲಿ ತೀರಿಕೊಂಡ. ಜೀವನವಿಡೀ ಕುಂಚ ಹಿಡಿದ ಕೈಯನ್ನೂ ಕಾಯಿಲೆ ಬಿಡಲಿಲ್ಲ. ವಿಲೆಮ್ ಡಿ ಕೂನಿಂಗ್‌ನದು ಬೇರೆ ಕತೆ. 1980ರ ದಶಕದಲ್ಲಿ, ಮರೆವು ಆವರಿಸುತ್ತಿದ್ದ ವರ್ಷಗಳಲ್ಲಿ ಆತ ಮುನ್ನೂರಕ್ಕೂ ಹೆಚ್ಚು ಚಿತ್ರ ಬರೆದ. 1997ರಲ್ಲಿ, ಆತ ತೀರಿಕೊಂಡ ವರ್ಷ, ಅವುಗಳ ಪ್ರದರ್ಶನ ಮೋಮಾದಲ್ಲಿ ನಡೆದಾಗ ಇವನ್ನು ಆತನ ಕೃತಿಗಳೆಂದು ಎಷ್ಟರಮಟ್ಟಿಗೆ ಎಣಿಸಬೇಕೆಂಬ ಜಗಳವೇ ಎದ್ದಿತ್ತು. ಸಂಗ್ರಹಾಲಯದ ತರಗತಿಗೆ ಬರುವವರು ಬಹುಪಾಲು ಕಲಾವಿದರಲ್ಲ. ಅವರ ಮೇಲೆ ಅಂಥ ಭಾರವಿಲ್ಲ.

ಗೆಳೆಯರೊಳಗೊಂದು ಭಿನ್ನಮತ

ನೆನಪನ್ನು ಕೇಳಲೇಬಾರದೇ? ಈ ವಿಷಯದಲ್ಲಿ ಎಲ್ಲರದೂ ಒಂದೇ ಮಾತಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ವಸ್ತುಸಂಗ್ರಹಾಲಯಗಳು 2012ರಲ್ಲಿ ಆರಂಭಿಸಿದ ‘ಹೌಸ್ ಆಫ್ ಮೆಮೊರೀಸ್’ ನೆನಪನ್ನೇ ಹಿಡಿದು ಹೊರಟಿತು. ಹಳೆಯ ಕಾಲದ ದಿನಬಳಕೆಯ ವಸ್ತುಗಳನ್ನು ಪೆಟ್ಟಿಗೆಯಲ್ಲಿಟ್ಟು ವೃದ್ಧಾಶ್ರಮಗಳಿಗೆ ಎರವಲು ಕೊಡುತ್ತಾರೆ, ನೋಡಿಕೊಳ್ಳುವವರಿಗೆ ತರಬೇತಿ ಕೊಡುತ್ತಾರೆ. ಡೆನ್ಮಾರ್ಕಿನ ಓರ್ಹೂಸ್ ನಗರದ ‘ಡೆನ್ ಗಾಮ್ಲೆ ಬ್ಯೂ’ ಎಂಬ ಬಯಲು ಸಂಗ್ರಹಾಲಯದಲ್ಲಿ 1950ರ ದಶಕದ ಮನೆಯೊಂದನ್ನೇ ಇವರಿಗಾಗಿ ಸಜ್ಜುಗೊಳಿಸಿದ್ದಾರೆ. ಅಲ್ಲಿ ಕುಳಿತು ಅಂದಿನ ಲೋಟದಲ್ಲಿ ಕಾಫಿ ಕುಡಿಯಬಹುದು. ಹಳೆಯ ನೆನಪು ಹೊಸದಕ್ಕಿಂತ ಗಟ್ಟಿಯಾಗಿ ಉಳಿಯುವುದರಿಂದ ಇದಕ್ಕೂ ಅರ್ಥವಿದೆ.

ಅಮೆರಿಕದ ಆ್ಯನ್ ಬ್ಯಾಸ್ಟಿಂಗ್ ಅವರ ದಾರಿ ಬೇರೆ. 1996ರಲ್ಲಿ ಮಿಲ್ವಾಕಿಯ ವೃದ್ಧಾಶ್ರಮವೊಂದರಲ್ಲಿ ನೆನಪುಗಳಿಂದ ನಾಟಕ ಕಟ್ಟಿಸಲು ಹೋಗಿ ವಾರಗಟ್ಟಲೆ ಸೋತ ಮೇಲೆ, ಅವರು ಪತ್ರಿಕೆಯೊಂದರಿಂದ ಸಿಗರೇಟು ಜಾಹೀರಾತಿನ ಕುದುರೆ ಸವಾರನ ಚಿತ್ರ ಹರಿದು ಮುಂದಿಟ್ಟು, ಇವನಿಗೊಂದು ಹೆಸರಿಡಿ ಎಂದರು. ಒಬ್ಬರು ಫ್ರೆಡ್ ಎಂದರು. ಯಾವ ಫ್ರೆಡ್? ಫ್ರೆಡ್ ಆಸ್ಟೇರ್, ಅಂದರೆ ಹಾಲಿವುಡ್ಡಿನ ನೃತ್ಯಗಾರ. ನಗೆಯೆದ್ದಿತು, ಮುಂದೆ ಕತೆ ಬೆಳೆಯಿತು, ಹಾಡೂ ಸೇರಿತು. ನೆನಪನ್ನು ಬಿಟ್ಟು ಕಲ್ಪನೆಯನ್ನು ಕೇಳಿ ಎಂಬ ಅವರ ಪದ್ಧತಿ ‘ಟೈಮ್‌ಸ್ಲಿಪ್ಸ್’ ಎಂಬ ಹೆಸರಿನಲ್ಲಿ ಹಬ್ಬಿತು. 2016ರಲ್ಲಿ ಅವರಿಗೆ ಮೆಕಾರ್ಥರ್ ಫೆಲೋಶಿಪ್ ಬಂತು.

ಎರಡರಲ್ಲಿ ಯಾವುದು ಮೇಲು? ಪೆಟ್ಟಿಗೆಯ ವಸ್ತು ನೆನಪು ತಂದರೆ ಸಂತೋಷ, ತರದಿದ್ದರೆ ಮತ್ತೆ ಅದೇ ಸೋಲು. ಚಿತ್ರದ ಮುಂದೆ ಆ ಅಪಾಯ ಕಡಿಮೆ. ನೆನಪು ತಾನಾಗಿ ಬಂದರೆ ಬರಲಿ. ಬರದಿದ್ದರೂ ಆ ದಿನದ ಕೆಲಸ ಕೆಡುವುದಿಲ್ಲ.

ಅಳೆದದ್ದು, ಅಳತೆಗೆ ಸಿಗದ್ದು

ಇದರಿಂದ ನಿಜವಾಗಿ ಉಪಯೋಗವಿದೆಯೇ ಎಂದು ಕೇಳುವವರಿಗೆ ಉತ್ತರ ನೇರವಾಗಿಲ್ಲ. ಲಂಡನ್ನಿನ ಡಲ್ವಿಚ್ ಪಿಕ್ಚರ್ ಗ್ಯಾಲರಿ 1817ರಲ್ಲಿ ಸಾರ್ವಜನಿಕರಿಗೆ ತೆರೆದ ಹಳೆಯ ಚಿತ್ರಶಾಲೆ. ಅಲ್ಲಿಯೂ, ಹೊಸ ಕಲೆಯ ‘ನಾಟಿಂಗ್‌ಹ್ಯಾಮ್ ಕಂಟೆಂಪೊರರಿ’ಯಲ್ಲಿಯೂ ಎಂಟು ವಾರ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಡಿಮೆನ್ಶಿಯಾ ಇರುವ 12 ಮಂದಿ, ಅವರನ್ನು ನೋಡಿಕೊಳ್ಳುವ 12 ಮಂದಿ. ಮೊದಲೂ ಕೊನೆಗೂ ಸಿದ್ಧ ಪ್ರಶ್ನಾವಳಿಗಳಿಂದ ಅಳೆದಾಗ ಹೇಳಿಕೊಳ್ಳುವಂಥ ಬದಲಾವಣೆ ಏನೂ ಕಾಣಲಿಲ್ಲ. ಅದೇ ಜನರನ್ನು ಕೂರಿಸಿ ಮಾತಾಡಿಸಿದರೆ ಎಲ್ಲರೂ ಮೆಚ್ಚಿದವರೇ. ಗುಂಪಿನ ಒಡನಾಟ, ಹೊರಗೆ ಬಂದ ಸಂತೋಷ, ಹೊಸದು ಕಲಿತ ಹೆಮ್ಮೆ ಇವು ಅವರ ಮಾತಿನಲ್ಲಿ ಬಂದವು.

ಫ್ರಾಂಕ್‌ಫರ್ಟಿನ ಆರ್ಟೆಮಿಸ್ ಸ್ವಲ್ಪ ದೊಡ್ಡದು. ಸೌಮ್ಯ ಮತ್ತು ಮಧ್ಯಮ ಹಂತದ 44 ಮಂದಿಯನ್ನು ತೆಗೆದುಕೊಂಡು, ಒಂದು ಗುಂಪಿಗೆ ಮಾರ್ಗದರ್ಶನವೂ ಕಾರ್ಯಾಗಾರವೂ, ಇನ್ನೊಂದು ಗುಂಪಿಗೆ ತಮ್ಮಷ್ಟಕ್ಕೆ ಸಂಗ್ರಹಾಲಯ ನೋಡಿಕೊಂಡು ಬರುವ ಅವಕಾಶ ಎಂದು ಹಂಚಿದರು. ಈ ಹೋಲಿಕೆ ಜಾಣತನದ್ದು; ಮನೆಯಿಂದ ಹೊರಗೆ ಹೋಗಿ ಬಂದದ್ದೇ ಉಪಯೋಗವಾಯಿತೋ, ತರಗತಿಯಿಂದ ಆಯಿತೋ ಎಂಬುದು ತಿಳಿಯಬೇಕಲ್ಲ. ಪ್ರತಿ ತರಗತಿಯ ಮೊದಲೂ ಆಮೇಲೂ ನಗುಮುಖದಿಂದ ಅಳುಮುಖದವರೆಗಿನ ಚಿತ್ರಗಳನ್ನು ತೋರಿಸಿ ಈಗ ನಿಮ್ಮ ಮನಸ್ಸು ಯಾವುದರಂತಿದೆ ಎಂದು ಕೇಳಿದರು. ತರಗತಿ ಮುಗಿದಾಗ ಮನಸ್ಸು ಹಗುರಾಗಿದ್ದದ್ದು ಸ್ಪಷ್ಟವಾಗಿ ಕಂಡಿತು. ತಮ್ಮ ಬದುಕು ಹೇಗಿದೆ ಎಂಬ ಪ್ರಶ್ನೆಗೆ ಅವರೇ ಕೊಟ್ಟ ಉತ್ತರವೂ ಸುಧಾರಿಸಿತ್ತು. 2018ರಲ್ಲಿ ಇದು ಪ್ರಕಟವಾಯಿತು. ಕಾಯಿಲೆ ಹಿಂದೆ ಸರಿಯಿತು ಎಂದು ಯಾರೂ ಹೇಳಲಿಲ್ಲ. ಇಂಥ ಅಧ್ಯಯನಗಳಲ್ಲಿ ಜನ ಕಡಿಮೆ, ಕಾಯಿಲೆ ಬಲಿತವರು ಇರುವುದಿಲ್ಲ, ಬರುವವರು ಮೊದಲೇ ಸಂಗ್ರಹಾಲಯಕ್ಕೆ ಹೋಗುವ ಅಭ್ಯಾಸವಿದ್ದವರಿರಬಹುದು ಎಂಬ ಆಕ್ಷೇಪಗಳೂ ನ್ಯಾಯವಾದವೇ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಮಧ್ಯಾಹ್ನ ನೋಡಿದ ಚಿತ್ರ ಸಂಜೆಗೆ ನೆನಪಿರುವುದಿಲ್ಲ ಎಂದಮೇಲೆ ಇಷ್ಟೆಲ್ಲ ಯಾಕೆ? ಇದಕ್ಕೆ ಒಂದು ಉತ್ತರ ಸಂಗ್ರಹಾಲಯದ ಹೊರಗಿನಿಂದ ಬಂದಿದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಆಲ್ಜೈಮರ್ ಕಾಯಿಲೆಯ 17 ಮಂದಿಗೂ, ಕಾಯಿಲೆಯಿಲ್ಲದ 17 ಮಂದಿಗೂ ದುಃಖದ ಸಿನಿಮಾ ತುಣುಕುಗಳನ್ನು, ಬೇರೆಯಾಗಿ ಸಂತೋಷದ ತುಣುಕುಗಳನ್ನು ತೋರಿಸಿದರು. ಐದು ನಿಮಿಷ ಕಳೆದು ಕೇಳಿದರೆ ಕಾಯಿಲೆಯವರಿಗೆ ನೋಡಿದ್ದು ಹೆಚ್ಚೇನೂ ನೆನಪಿರಲಿಲ್ಲ. ಆದರೆ ದುಃಖ, ಸಂತೋಷ ಮಾತ್ರ ಅರ್ಧ ಗಂಟೆಯವರೆಗೂ ಉಳಿದಿದ್ದವು. ಸೋಜಿಗವೆಂದರೆ ದುಃಖದ ದೃಶ್ಯ ಯಾರಿಗೆ ಕಡಿಮೆ ನೆನಪಿತ್ತೋ ಅವರಲ್ಲಿ ದುಃಖ ಹೆಚ್ಚು ಹೊತ್ತು ನಿಂತಿತ್ತು. 2014ರ ಈ ವರದಿ ಓದಿದವರು, ಹೇಗೂ ಮರೆತುಬಿಡುತ್ತಾರೆ ಎಂದು ಗದರುವ ಮುನ್ನ ಎರಡು ಸಲ ಯೋಚಿಸಬೇಕು.

ನಮ್ಮಲ್ಲಿ

ಭಾರತದಲ್ಲಿ ಈ ಕಾಯಿಲೆಯವರಿಗಾಗಿ ಸಂಘಟಿತ ಕೆಲಸ ಶುರುವಾದದ್ದು 1992ರಲ್ಲಿ, ಕೇರಳದಲ್ಲಿ ಆಲ್ಜೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿದಾಗ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 1998ರಿಂದ ಹಿರಿಯರಿಗಾಗಿ ದುಡಿಯುತ್ತಿದೆ. ಆಸ್ಪತ್ರೆ, ಹಗಲು ಆರೈಕೆ ಕೇಂದ್ರಗಳ ಮಾತಾಯಿತು ಇದು. ಚಿತ್ರಶಾಲೆಯ ಮಾತು ಬಂದರೆ, ನಮ್ಮ ಅನೇಕ ಸಂಗ್ರಹಾಲಯಗಳ ಬಾಗಿಲಿಗೇ ಹತ್ತಾರು ಮೆಟ್ಟಿಲು. ಒಳಗೆ ಕೂರಲು ಜಾಗವಿಲ್ಲ, ಮುಟ್ಟಬೇಡಿ ಎಂಬ ಫಲಕಕ್ಕೆ ಮಾತ್ರ ಕೊರತೆಯಿಲ್ಲ. ಈ ಕೆಲಸಕ್ಕೆ ಬೇಕಾದ್ದು ದೊಡ್ಡ ಯಂತ್ರವಲ್ಲ, ರಜೆಯ ದಿನದ ಒಂದು ಮಧ್ಯಾಹ್ನ, ಎಂಟು ಹತ್ತು ಕುರ್ಚಿ, ಕಾಯಲು ಬಲ್ಲ ಒಬ್ಬ ಶಿಕ್ಷಕ. ಆ ಕಾಯುವ ಗುಣಕ್ಕೆ ತರಬೇತಿ ಬೇಕು, ತರಬೇತಿಗೆ ಹಣ ಬೇಕು. ಮೋಮಾದ ಯೋಜನೆಗೂ 2007ರಿಂದ 2014ರವರೆಗೆ ವಿಮಾ ಕಂಪನಿಯೊಂದರ ಪ್ರತಿಷ್ಠಾನದ ನೆರವಿತ್ತು. ಅದರಿಂದಲೇ ಬೇರೆ ಸಂಗ್ರಹಾಲಯಗಳಿಗೆ ಕೈಪಿಡಿ ಬರೆದು ಹಂಚಲು ಸಾಧ್ಯವಾಯಿತು.

ಇಷ್ಟೆಲ್ಲ ಲೆಕ್ಕದಲ್ಲಿ ಹಿಂದೆ ಉಳಿಯುವವರು ಪಕ್ಕದ ಕುರ್ಚಿಯವರು. ದಿನವಿಡೀ ಮಾತ್ರೆ, ಸ್ನಾನ, ಬೀಗ, ಬಟ್ಟೆ ಎಂದು ಓಡಾಡುವ ಹೆಂಡತಿ ಕಾಲಾನಂತರದಲ್ಲಿ ಹೆಂಡತಿಯಾಗಿ ಉಳಿಯದೆ ದಾದಿಯಾಗಿಬಿಡುತ್ತಾಳೆ. ಯಾರಾದರೂ ಅವನನ್ನು ಏನಾದರೂ ಕೇಳಿದರೆ ಅವನ ಪರವಾಗಿ ಅವಳೇ ಉತ್ತರ ಹೇಳುವುದು ರೂಢಿಯಾಗುತ್ತದೆ. ಸಂಗ್ರಹಾಲಯದಲ್ಲಿ ಶಿಕ್ಷಕರು ಅವಳನ್ನು ಮೆಲ್ಲಗೆ ತಡೆಯುತ್ತಾರೆ. ಪ್ರಶ್ನೆ ಅವನಿಗೂ ಇದೆ, ಅವಳಿಗೂ ಇದೆ, ಬೇರೆ ಬೇರೆಯಾಗಿ. ಅವನ ಉತ್ತರ ಬರಲು ಒಂದು ನಿಮಿಷ ಹಿಡಿದರೆ ಇಡೀ ಗುಂಪು ಒಂದು ನಿಮಿಷ ಕಾಯುತ್ತದೆ. ಅವಳು ಕಾಯುವುದನ್ನು ಬಿಟ್ಟು ಎಷ್ಟು ಕಾಲವಾಯಿತೋ. ಅವನು ಚಿತ್ರದ ಮೂಲೆಯಲ್ಲಿರುವ, ತನ್ನ ಕಣ್ಣಿಗೆ ಬೀಳದೆ ಹೋದ ಯಾವುದನ್ನೋ ಬೆರಳು ಮಾಡಿ ತೋರಿಸಿದಾಗ, ಅವಳು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿ ಅದೇನೆಂದು ನೋಡುತ್ತಾಳೆ.